ಕಲ್ಲುಸಂಕದ ಹೊಸ ರೈಟರ್

ಗೋಣಿಬೀಡಿಗೆ ಹತ್ತಿರದ ಕಲ್ಲುಸಂಕ ಎಸ್ಟೇಟಿನ ರೈಟರ್ ಏಕಾಂತಪ್ಪನವರು ಹೆದರುವುದರಲ್ಲಿ ಪಳಗಿದ ಕೈ. ಉಳಿದವರು ಹೆದರಬೇಕಾದರೆ ಹೆದರಿಸುವಂಥದ್ದು ಎದುರಿಗೆ ಬಂದು ನಿಲ್ಲಬೇಕು. ಏಕಾಂತಪ್ಪನವರು ಅಲ್ಲಿಯವರೆಗೆ ಕಾಯುತ್ತಿರಲಿಲ್ಲ. ಆಲ್ದೂರಿನ ಕಡೆ ಆನೆ ಕಾಣಿಸಿತಂತೆ ಎಂಬ ಸುದ್ದಿ ಬಂದರೆ ಇವರು ಇಲ್ಲಿ ಬೆಳಕಿರುವಾಗಲೇ ಕಿಟಕಿ ಬಾಗಿಲು ಭದ್ರಪಡಿಸುತ್ತಿದ್ದರು. ಜಿಗಣೆಯ ಭಯಕ್ಕೆ ಮಾರ್ಚ್ ತಿಂಗಳ ಉರಿಬಿಸಿಲಿನಲ್ಲೂ ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಳ್ಳುತ್ತಿದ್ದರು. ಇನ್‌ಕಮ್ ಟ್ಯಾಕ್ಸ್ ಎಂದರೆ ಅವರ ನಾಲಿಗೆ ಒಣಗುತ್ತಿತ್ತು. ಟ್ಯಾಕ್ಸು ಕಟ್ಟುವಷ್ಟು ಇನ್‌ಕಮ್ಮು ತಮಗೆ ಎಂದೂ ಇರಲಿಲ್ಲವೆಂಬ ಸಂಗತಿಯಿಂದ ಅವರಿಗೆ ಯಾವ ಸಮಾಧಾನವೂ ಸಿಕ್ಕಿರಲಿಲ್ಲ.

ಎಸ್ಟೇಟಿನ ರೈಟರ್ ಎಂದರೆ ಕಥೆ ಬರೆಯುವವನಲ್ಲ, ಲೆಕ್ಕ ಬರೆಯುವವನು. ಬೆಳಿಗ್ಗೆ ಆಳುಗಳ ಹಾಜರಿ, ಕುಯ್ಲಿನ ಕಾಲದಲ್ಲಿ ಹಣ್ಣಿನ ತೂಕ, ಹಣ್ಣಿನ ಸಿಪ್ಪೆ ತೆಗೆದು ಕಣದಲ್ಲಿ ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ, ಮಳೆ ಬಂದರೆ ಎಷ್ಟು ಇಂಚು ಎಷ್ಟು ಸೆಂಟು ಬಂತೆಂಬ ಅಳತೆ, ಇವು ರೈಟರ ಪುಸ್ತಕಕ್ಕೆ ಇಳಿಯುವವರೆಗೆ ಎಸ್ಟೇಟಿನಲ್ಲಿ ನಡೆದದ್ದು ನಡೆದಂತಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ತರೀಕೆರೆ ಕಡೆಯಿಂದ ಬಂದು ಈ ಸಾಮ್ರಾಜ್ಯದ ಪಟ್ಟವೇರಿದ್ದ ಏಕಾಂತಪ್ಪನವರ ಮೀಸೆ ಈಗ ಪೂರ್ತಿ ಬೆಳ್ಳಗಾಗಿತ್ತು. ಬೆತ್ತ ಸಡಿಲಾದ ಕುರ್ಚಿ ಅವರ ಸಿಂಹಾಸನ, ಆಫೀಸಿನ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸ್ ಅವರ ಕೋಟೆ. ಕೆಲಸ ಇರುವವರೆಗೆ ಕೋಟೆ. ಕೆಲಸ ಹೋದರೆ ತರೀಕೆರೆಯಲ್ಲಿ ಮಗಳ ಮನೆ, ಅಲ್ಲಿ 'ಎಷ್ಟು ದಿನ ಇರ್ತೀರಿ ಮಾವ?' ಎಂದು ಬಾಗಿಲಲ್ಲೇ ವಿಚಾರಿಸುವ ಅಳಿಯ. ಆ ಅಳಿಯನ ಮನೆಯ ಜಗಲಿಯಲ್ಲಿ ಕಾಲು ಮಡಚಿಕೊಂಡು ಕೂತ ತಮ್ಮ ಮುದಿತನದ ಚಿತ್ರವನ್ನು ಏಕಾಂತಪ್ಪನವರು ದಿನಕ್ಕೊಮ್ಮೆಯಾದರೂ ಕಲ್ಪಿಸಿಕೊಂಡು ಬೆವರುತ್ತಿದ್ದರು.

ಈ ಸಾಮ್ರಾಜ್ಯದೊಳಗೆ ಹಿಂದಿನ ವರ್ಷ ಒಬ್ಬ ಶತ್ರು ನುಗ್ಗಿದ್ದ. ಎಸ್ಟೇಟಿನ ಯಜಮಾನರಾದ ಸಾಹುಕಾರ್ ರುದ್ರಪ್ಪನವರು ಎರಡು ಕಂಪ್ಯೂಟರು ಕೊಂಡು, ಒಂದನ್ನು ಬಂಗಲೆಯಲ್ಲೂ ಒಂದನ್ನು ಆಫೀಸಿನಲ್ಲೂ ಇಡಿಸಿ, "ಇನ್ನು ಲೆಕ್ಕ ಎಲ್ಲ ಇದ್ರಲ್ಲೇ ಹಾಕಿ ಏಕಾಂತಪ್ನೋರೆ" ಎಂದಿದ್ದರು. ಮೂಡಿಗೆರೆಯಿಂದ ಬಂದವನೊಬ್ಬ ಹೇಳಿಕೊಟ್ಟು ಹೋದ. ಅವನ ಬೈಕು ಗೇಟು ದಾಟುತ್ತಿದ್ದಂತೆ ಏಕಾಂತಪ್ಪನವರು ಯಾವುದೋ ಒಂದು ಕೀಲಿ ಒತ್ತಿದರು, ಪರದೆ ಕಪ್ಪಾಯಿತು, ಒಳಗಿನಿಂದ ಏನೋ ಕೀಚ್ ಎಂದಿತು. ಅಷ್ಟೇ. ಹೆಂಡತಿ ಹೆಣೆದಿದ್ದ ಕ್ರೋಶದ ಬಟ್ಟೆಯನ್ನು ಅದರ ಮೇಲೆ ಹೊದೆಸಿದವರು ಮತ್ತೆ ತೆಗೆದದ್ದು ಆಯುಧಪೂಜೆಗೆ, ಕುಂಕುಮ ಇಡಲಿಕ್ಕೆ. ಬೂಷ್ಟು ಹಿಡಿದು ಹಾಳಾದರೆ ತಮ್ಮ ತಲೆಗೆ ಬರುತ್ತದೆಂದು ಪಕ್ಕದಲ್ಲಿ ಒಂದು ಬಲ್ಬು ಉರಿಸಿಡುತ್ತಿದ್ದರು. ಲೆಕ್ಕ ಎಂದಿನಂತೆ ಪುಸ್ತಕದಲ್ಲೇ ನಡೆಯಿತು. ಸಾಹುಕಾರರು ಆಗೀಗ, "ದಿನಾ ಹಾಕ್ತಿದೀರೇನ್ರಿ?" ಎಂದು ಕೇಳುವರು. "ದಿನಾ ಹಾಕ್ತಿದೀನಿ ಸಾವ್ಕಾರ್ರೆ" ಎಂದು ಇವರು ಹೇಳುವರು. ಬಲ್ಬು ಹಾಕುತ್ತಿದ್ದುದಂತೂ ಸುಳ್ಳಲ್ಲ.

ಎರಡು ಸಾವಿರದ ಏಳನೇ ಇಸವಿಯ ಏಪ್ರಿಲಿನಲ್ಲಿ, ಕಾಫಿ ಗಿಡ ಅರಳಿಸುವ ಹೂವಿನ ಮಳೆ ಬಂದುಹೋದ ಮೇಲೆ, ಆಫೀಸಿನ ಫೋನು ಬಡಿದುಕೊಂಡಿತು. ಚಿಕ್ಕಮಗಳೂರಿಗೆ ಹೋಗಿದ್ದ ಸಾಹುಕಾರರು ಮಾತಾಡುತ್ತಿದ್ದರು. ಲೈನಿನಲ್ಲಿ ಹಪ್ಪಳ ಕರಿದಂಥ ಸದ್ದು.

"ಏಕಾಂತಪ್ನೋರೆ, ಕೇಳ್ತದಾ? ಆಫೀಸಿಗೆ ಹೊಸ ರೈಟರ್ ಹಾಕಿಸ್ತಾ ಇದೀನಿ."

ಏಕಾಂತಪ್ಪನವರ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

"ಭಾಳ ಫಾಸ್ಟಂತೆ. ಹಗಲೂ ರಾತ್ರಿ ಕೆಲಸ ಮಾಡಿದ್ರೂ ಸುಸ್ತಿಲ್ಲ ಅಂತೆ. ಗುರುವಾರ ಮಧ್ಯಾಹ್ನದ ಬಸ್ಸಿಗೆ ಕಳಿಸ್ತೀನಿ, ಕಂಡಕ್ಟರ್‌ಗೆ ಹೇಳಿರ್ತೀನಿ. ನೀವೇ ಹೋಗಿ ಇಳಿಸ್ಕಳಿ. ಮಳೆ ಬಂದ್ರೆ ನೆನೀದಂಗೆ ಕರ್ಕೊಂ..." ಕರಕರ. "...ನಿಮ್ಮ ಟೇಬಲ್ ಹತ್ರಾನೇ ಜಾಗ ಮಾಡಿ."

"ಹಂಗಾರೆ... ಹಳೇದು ಎಂತ ಮಾಡದು ಸಾವ್ಕಾರ್ರೆ?" ಏಕಾಂತಪ್ಪನವರು ತಮ್ಮನ್ನೇ 'ಹಳೇದು' ಎಂದುಕೊಂಡಿದ್ದರು. ಕೆಲಸ ಹೋಗುವಾಗ ಮನುಷ್ಯನಿಗೆ ವ್ಯಾಕರಣ ನೆನಪಿರುವುದಿಲ್ಲ.

"ಹಳೇದಾ? ಹಳೇದು ಇನ್ನೆಂತಕ್ಕೆ ಮಾರಾಯ್ರೆ. ಕಿತ್ತು ಮೂಲೆಗೆ ಹಾಕಿ" ಎಂದರು ಸಾಹುಕಾರರು. ಫೋನು ಕಟ್ಟಾಯಿತು.

'ಕಳಿಸ್ತೀನಿ, ಇಳಿಸ್ಕಳಿ, ಸುಸ್ತಿಲ್ಲ ಅಂತೆ' ಎಂಬ ಮಾತುಗಳಿಂದ ಬೇರೆಯವರಿಗೆ ಅನುಮಾನ ಬರಬಹುದಿತ್ತು. ಕಲ್ಲುಸಂಕದಲ್ಲಿ ಬರುವಂತಿರಲಿಲ್ಲ. ರುದ್ರಪ್ಪನವರು ತಮಗಿಂತ ಕಿರಿಯರನ್ನೆಲ್ಲ ಪ್ರೀತಿಯಿಂದ 'ಅದು' ಎನ್ನುವವರು. ಮೀಸೆ ಹೊತ್ತ ಜೀಪ್ ಡ್ರೈವರನ ಬಗ್ಗೆಯೂ 'ಅದು ಊಟ ಮಾಡ್ತಾ?' ಎಂದೇ ವಿಚಾರಿಸುವವರು. ಆದ್ದರಿಂದ ಬರುವವನು ಎಳೆಯ, ಚುರುಕು, ಸುಸ್ತಿಲ್ಲದವ, ಸಾಹುಕಾರರಿಗೆ ಈಗಾಗಲೇ ಪ್ರೀತಿಪಾತ್ರ ಎಂಬುದಿಷ್ಟೂ ಏಕಾಂತಪ್ಪನವರಿಗೆ ನಿಚ್ಚಳವಾಯಿತು. ಅವರು ಗೋಡೆ ಹಿಡಿದುಕೊಂಡು ಕ್ವಾರ್ಟರ್ಸಿಗೆ ಹೋದರು.

ಹೆಂಡತಿ ನಂಜಮ್ಮ ಒಳಕಲ್ಲಿನಲ್ಲಿ ಕಾಯಿ ರುಬ್ಬುತ್ತಿದ್ದರು. ಗಂಡನ ಹೆದರಿಕೆಗಳನ್ನು ಇಷ್ಟು ವರ್ಷ ಸಾಕಿ ಸಲಹಿದ ಹೆಂಗಸು. ತಲೆ ಎತ್ತದೆ ಕೇಳಿದರು.

"ಇವತ್ತು ಎಂತದು? ಆನೆಯಾ, ಟ್ಯಾಕ್ಸಾ?"

"ಹೊಸ ರೈಟರ್ ಬರ್ತಾನಂತೆ. ನನ್ನ ಕಿತ್ತು ಮೂಲೆಗೆ ಹಾಕ್ತಾರಂತೆ."

ರುಬ್ಬುಗುಂಡು ನಿಂತಿತು. "ಯಾರಂತೆ? ಹೆಸರೆಂತ?"

"ಹೆಸರು ಹೇಳ್ಲಿಲ್ಲ. ಭಾಳ ಫಾಸ್ಟಂತೆ."

"ನಿಮ್ಮ ಪಕ್ಕ ನಿಲ್ಸಿದ್ರೆ ಬಸವನಹುಳನೂ ಫಾಸ್ಟೇ ಬಿಡಿ" ಎಂದರು ನಂಜಮ್ಮ. ಆದರೆ ಆ ಮಾತಿನಲ್ಲಿ ಎಂದಿನ ಖಾರ ಇರಲಿಲ್ಲ. ಕೈ ತೊಳೆದುಕೊಂಡು ಮಂಚದ ಕೆಳಗಿನಿಂದ ತಗಡಿನ ಟ್ರಂಕನ್ನು ಹೊರಗೆಳೆದರು. ನೆಲಕ್ಕೆ ತಗಡು ಉಜ್ಜಿದ ಆ ಗುಡುಗುಡು ಸದ್ದಿಗೆ ಏಕಾಂತಪ್ಪನವರ ಎದೆ ಧಸಕ್ಕೆಂದಿತು. ಮದುವೆಯಲ್ಲಿ ಬಂದ ಟ್ರಂಕು ಅದು. ತಳದಲ್ಲಿ ಕಂಬಳಿ, ಅದರ ಮೇಲೆ ಇಡ್ಲಿಪಾತ್ರೆ, ಅದರೊಳಗೆ ಬೆಳ್ಳಿಯ ಕುಂಕುಮದ ಭರಣಿ ಹೋಗಿ ಕೂತವು. ಗುರುವಾರ ಬರುವುದರೊಳಗೆ ಕ್ವಾರ್ಟರ್ಸಿನ ಗೋಡೆಗಳು ಬೋಳಾಗಿದ್ದವು.

ಎಸ್ಟೇಟಿನಲ್ಲಿ ಇಂಥ ಸುದ್ದಿಗೆ ಕಾಲು ಹೆಚ್ಚು. ಆಳುಗಳ ಮೇಸ್ತ್ರಿ ಗುರುವಯ್ಯ ಏಕಾಂತಪ್ಪನವರ ಹಳೆಯ ಸ್ನೇಹಿತ. ಗುರುವಾರ ಬೆಳಿಗ್ಗೆ ಬಾಳೆ ಎಲೆಯ ಪೊಟ್ಟಣವೊಂದನ್ನು ಕಂಕುಳಲ್ಲಿ ಹಿಡಿದು ಬಂದ. ಬಿಚ್ಚಿದರೆ ಸೇವಂತಿಗೆ ಹಾರ. ಏಕಾಂತಪ್ಪನವರ ಕಣ್ಣು ಮಂಜಾಯಿತು.

"ಇದೆಲ್ಲ ಎಂತಕ್ಕೆ ಗುರುವಯ್ಯ. ನಾನು ಹೋಗೋನು, ನನಗೆ ಹಾರ..."

"ನಿಮಗಲ್ಲ ಮಾರಾಯ್ರೆ, ಹೊಸಬರಿಗೆ" ಎಂದ ಗುರುವಯ್ಯ, ಸ್ವಲ್ಪವೂ ಮುಜುಗರವಿಲ್ಲದೆ. "ನಾಳೆಯಿಂದ ನಮ್ಮ ಹಾಜರಿ ಬರೆಯೋರು ಅವರಲ್ವಾ. ಹೋಗೋರಿಗೆ ಹಾಕಿರೆ ನನಗೆಂತ ಉಪಯೋಗ?"

ಹೀಗೆ ಪದಚ್ಯುತ ರಾಜನೂ ಪಕ್ಷಾಂತರಿ ಸೇನಾಪತಿಯೂ ಒಂದೇ ಕೊಡೆಯ ಕೆಳಗೆ ಗೋಣಿಬೀಡಿನ ಬಸ್ ನಿಲ್ದಾಣಕ್ಕೆ ದಂಡೆತ್ತಿ ನಡೆದರು. ಮಳೆ ಇರಲಿಲ್ಲ. ಹೊಸ ರೈಟರು ನೆನೆಯಬಾರದೆಂಬ ಅಪ್ಪಣೆ ಇತ್ತಲ್ಲ, ಆದ್ದರಿಂದ ಕೊಡೆ. ಬಸ್ಸಿನ ಹಾರನ್ ತಿರುವಿನಲ್ಲಿ ಕೇಳಿದಾಗ ಏಕಾಂತಪ್ಪನವರಿಗೆ ಓಡಿಹೋಗುವ ಆಸೆಯಾಯಿತು.

ಬಸ್ಸಿನಿಂದ ಒಬ್ಬ ಇಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಹೆಗಲಿಗೆ ಚೀಲ, ಮುಖದಲ್ಲಿ ಸುಸ್ತೇ ಇಲ್ಲ. ಏಕಾಂತಪ್ಪನವರ ಬಾಯಿಂದ 'ಬನ್ನಿ' ಹೊರಡುವುದರೊಳಗೆ ಗುರುವಯ್ಯ ಮುನ್ನುಗ್ಗಿ ಆಗಂತುಕನ ಕೊರಳಿಗೆ ಹಾರ ಹಾಕಿ, "ನಾನು ಗುರುವಯ್ಯ, ಮೇಸ್ತ್ರಿ. ಏನೇ ಇದ್ರೂ ನನಗೆ ಹೇಳಿ" ಎಂದು ಕೈಮುಗಿದ.

ಆ ಮನುಷ್ಯ ಹಾರವನ್ನೂ ಮೇಸ್ತ್ರಿಯನ್ನೂ ನೋಡಿದ. "ಎಕ್ಸ್‌ಚೇಂಜಿಗೆ ಸೇರಿದ ಮೇಲೆ ನನಗೆ ಬೈಗುಳ ಬಿಟ್ಟು ಬೇರೆ ಎಂತದೂ ಸಿಕ್ಕಿರ್ಲಿಲ್ಲ" ಎಂದ. "ನಾನು ಜಯಪ್ರಕಾಶ್. ಫೋನಿನ ಲೈನ್‌ಮ್ಯಾನು. ನಿಮ್ಮ ಎಸ್ಟೇಟಿಗೆ ತಂತಿ ಎಳೆಯಕ್ಕೆ ಬಂದಿದೀನಿ."

"ರೈಟರ್ ಅಲ್ವಾ?" ಏಕಾಂತಪ್ಪನವರ ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

"ರೈಟರಾ? ರೌಟರ್ ಮಾರಾಯ್ರೆ, ರೌಟರ್. ಕಂಡಕ್ಟರ್ ಇಳಿಸ್ತಿದಾರೆ ನೋಡಿ, ಅದೇ."

ಕಂಡಕ್ಟರ್ ಒಂದು ರಟ್ಟಿನ ಡಬ್ಬಿಯನ್ನು ಏಕಾಂತಪ್ಪನವರ ಕೈಗಿತ್ತು ರೈಟ್ ಎಂದ. ಬಸ್ಸು ಹೋಯಿತು. ಡಬ್ಬಿ ಎರಡು ಸೇರು ಅಕ್ಕಿಯಷ್ಟೂ ಭಾರವಿರಲಿಲ್ಲ. ಮನೆಗೆ ಬ್ರಾಡ್‌ಬ್ಯಾಂಡ್ ಎಂಬ ಇಂಟರ್‌ನೆಟ್ ಫೋನಿನ ತಂತಿಯಲ್ಲೇ ಬರುತ್ತದೆಂದೂ, ಬಂದದ್ದನ್ನು ಎರಡು ಕಂಪ್ಯೂಟರಿಗೂ ಹಂಚುವುದು ಈ ರೌಟರಿನ ಕೆಲಸವೆಂದೂ, ಕಿತ್ತು ಮೂಲೆಗೆ ಹಾಕಬೇಕಾದ 'ಹಳೇದು' ಹಳೆಯ ಫೋನು ವೈರೆಂದೂ ಜಯಪ್ರಕಾಶ್ ತಿಳಿಹೇಳಿದ. ಏಕಾಂತಪ್ಪನವರು ದಾರಿ ಬದಿಯ ಮೈಲಿಗಲ್ಲಿನ ಮೇಲೆ ಕೂತು ನಗತೊಡಗಿದರು. ಗುರುವಯ್ಯ ಮೆಲ್ಲಗೆ ಲೈನ್‌ಮ್ಯಾನಿನ ಕೊರಳಿನಿಂದ ಹಾರ ಬಿಡಿಸಿ, ಅತ್ತಿತ್ತ ನೋಡಿ, ಡಬ್ಬಿಗೆ ಹಾಕಿದ. ತಂದ ಹಾರ ದಂಡವಾಗಬಾರದಲ್ಲ.

ಆ ನಗು ಎಸ್ಟೇಟಿನ ಗೇಟಿನವರೆಗೂ ಬಾಳಲಿಲ್ಲ.

"ಇನ್ನು ನಿಮ್ಮ ಸಾವ್ಕಾರ್ರಿಗೆ ಸಲೀಸು" ಎಂದ ಜಯಪ್ರಕಾಶ್ ನಡೆಯುತ್ತಾ. "ಎರಡು ಕಂಪ್ಯೂಟರೂ ಜೋಡಾದ್ಮೇಲೆ ಬಂಗ್ಲೆಲಿ ಕೂತೇ ನಿಮ್ಮ ಕಂಪ್ಯೂಟರಲ್ಲಿರೋ ಲೆಕ್ಕ ಎಲ್ಲ ತೆಗೆದು ನೋಡ್ಬಹುದು."

ಏಕಾಂತಪ್ಪನವರು ಕಲ್ಲು ಎಡವಿದರು. ಅವರ ಕಂಪ್ಯೂಟರಿನಲ್ಲಿದ್ದ ಲೆಕ್ಕ ಎಷ್ಟೆಂದು ಅವರಿಗೆ ಗೊತ್ತಿತ್ತು. ಒಂದಕ್ಷರವೂ ಇರಲಿಲ್ಲ. ಬಸ್ಸಿನಿಂದ ಇಳಿಯಬಹುದಾಗಿದ್ದ ಆ ಚುರುಕು ತರುಣ ಆಫೀಸಿನೊಳಗೆ ಬಂದ ಮೇಲೆ ಇವರನ್ನು ಕೆಡವಬೇಕಿತ್ತು. ಈ ಡಬ್ಬಿ ಅವರದೇ ಕಂಕುಳಲ್ಲಿ ಕೂತು, ಅವರಿಂದಲೇ ಹೊರಿಸಿಕೊಂಡು, ಕೊರಳಲ್ಲಿ ಹಾರ ಧರಿಸಿ ಬರುತ್ತಿತ್ತು.

ಜಯಪ್ರಕಾಶ್ ಹೊಸ ತಂತಿ ಎಳೆದು ಗೋಡೆಗೆ ಪೆಟ್ಟಿಗೆ ಹೊಡೆದ. ಮಾತಿಗೊಂದು ದಾರಿ, ಇಂಟರ್‌ನೆಟ್ಟಿಗೊಂದು ದಾರಿ ಬೇರೆ ಮಾಡುವ ಪುಟ್ಟ ಬಿಳಿ ಡಬ್ಬಿ ಸಿಕ್ಕಿಸಿದ. ಸೂರಿನ ಕೆಳಗೆ ಅಂಗಳದಾಚೆಯ ಬಂಗಲೆಯವರೆಗೆ ನೀಲಿ ಕೇಬಲ್ ಎಳೆದುಕೊಟ್ಟ. ಆಮೇಲೆ ಚೀಲ ಹೆಗಲಿಗೇರಿಸಿದ.

"ಗೋಡೆ ತನಕ ನಮ್ದು. ಒಳಗಿಂದು ನಿಮ್ದು. ಈ ನಂಬರಿಗೆ ಫೋನ್ ಮಾಡಿ, ಹೇಳಿಕೊಡ್ತಾರೆ. ಇನ್ನೊಂದು ಮಾತು. ಗುಡುಗು ಬಂದ್ರೆ ಫೋನಿನ ವೈರು, ಕರೆಂಟಿನ ವೈರು ಎರಡೂ ಕಿತ್ತಾಕಿ. ಇಲ್ದಿದ್ರೆ ಇದೂ ಸುಟ್ಟೋಗ್ತದೆ, ಇದರ ಬಾಲ ಹಿಡ್ಕಂಡಿರೋ ಕಂಪ್ಯೂಟರೂ ಸುಟ್ಟೋಗ್ತದೆ."

ಕಡೆಯ ಮಾತು ಏಕಾಂತಪ್ಪನವರ ಮನಸ್ಸಿನಲ್ಲಿ ಕಲ್ಲಿನ ಮೇಲೆ ಕೆತ್ತಿದ ಹಾಗೆ ಕೂತಿತು. ಹೆದರುವುದಕ್ಕೆ ಇಷ್ಟು ಸ್ಪಷ್ಟವಾದ ಸೂಚನೆ ಅವರಿಗೆ ಬದುಕಿನಲ್ಲಿ ಯಾರೂ ಕೊಟ್ಟಿರಲಿಲ್ಲ.

ಶುಕ್ರವಾರ, ಒಳ್ಳೆಯ ದಿನ. ನಂಜಮ್ಮ ರೌಟರಿನ ಮುಂದೆ ಎಣ್ಣೆಯ ದೀಪ ಹಚ್ಚಿ ಅಗರಬತ್ತಿ ಬೆಳಗಿದರು. ಏಕಾಂತಪ್ಪನವರು ನಂಬರು ತಿರುಗಿಸಿದರು. ಆಚೆಯಿಂದ ಬಲು ನಯವಾದ ಗಂಡುದನಿ ಬಂತು.

"ನಮಸ್ಕಾರ ಸರ್. ಮೊದಲಿಗೆ, ನಿಮ್ಮ ಲೈನ್ ಸರಿಯಾಗಿದೆಯಾ?"

ಎಸ್ಟೇಟಿನಲ್ಲಿ ಲೈನ್ ಎಂದರೆ ಆಳುಗಳ ಮನೆಗಳ ಸಾಲು. ಈ ಇಲಾಖೆಯವರಿಗೆ ಅದರ ಚಿಂತೆಯೂ ಇದೆಯೆಂದು ತಿಳಿದು ಏಕಾಂತಪ್ಪನವರಿಗೆ ಮತ್ತಷ್ಟು ಭಯವಾಯಿತು.

"ತಕ್ಕಮಟ್ಟಿಗೆ ಇದೆ ಸ್ವಾಮಿ. ಕೊನೇ ಮನೆ ಹೆಂಚು ಮಾತ್ರ ಹೋಗಿದೆ. ಮಳೆಗಾಲದ ಮುಂಚೆ ಹಾಕಿಸ್ತೀವಿ."

"ಸರ್, ಲೈನಿನಲ್ಲಿ ಗಲಾಟೆ, ಅಂದ್ರೆ ಏನಾದ್ರೂ ಶಬ್ದ ಬರ್ತದಾ?"

"ದಿನಾ ಏನಿಲ್ಲ. ಬಟವಾಡೆ ದಿನ ಸ್ವಲ್ಪ ಕುಡೀತಾರೆ."

"ಸರ್... ಹೋಗಲಿ. ದೀಪ ಹತ್ತಿದೆಯಾ?"

"ಹತ್ತಿದೆ. ನಮ್ಮನೆಯವಳು ಹಚ್ಚಿದಾಳೆ."

"ಯಾವ ಬಣ್ಣ ಇದೆ?"

"ದೀಪದ ಬಣ್ಣಾನೇ ಇದೆ ಸ್ವಾಮಿ. ಎಳ್ಳೆಣ್ಣೆ ಹಾಕಿದೀವಿ."

ನಂಜಮ್ಮ ಫೋನು ಕಸಿದುಕೊಂಡರು. "ಡಬ್ಬಿ ಮೇಲಿಂದು ಹಸಿರು ದೀಪ ಎರಡು ನೆಟ್ಟಗೆ ಇದಾವೆ ಸ್ವಾಮಿ. ಮೂರನೇದು ಕಣ್ಣು ಹೊಡೀತಾ ಇದೆ. ಇವರು ಹೆದರ್ಕೊಂಡಿದಾರೆ, ನೀವು ನಿಧಾನಕ್ಕೆ ಹೇಳಿ."

ಆಚೆಯವನು ನಿಧಾನಕ್ಕೆ ಹೇಳಿದ, ನಂಜಮ್ಮ ಜೋರಾಗಿ ಹೇಳಿದರು, ಏಕಾಂತಪ್ಪನವರು ಮಾಡಿದರು. ಕ್ರೋಶದ ಬಟ್ಟೆ ತೆಗೆಯುವಾಗ ಅವರು ಹಾವಿನ ಬುಟ್ಟಿ ತೆಗೆಯುವವರಂತೆ ದೂರ ನಿಂತು ಕೊಡೆಯ ತುದಿಯಿಂದ ಎತ್ತಿದರು. ಕಂಪ್ಯೂಟರು, ಬಲ್ಬಿನ ಕಾವಿನಲ್ಲಿ ಒಂದು ವರ್ಷ ಬೆಚ್ಚಗೆ ಮಲಗಿದ್ದದ್ದು, ಒತ್ತಿದೊಡನೆ ಎದ್ದಿತು. ಒಂದು ನೀಲಿ ಕೇಬಲಿನ ಮೂತಿ ಅದರ ಬೆನ್ನಿಗೆ ಹೋಯಿತು, ಬಾಲ ರೌಟರಿಗೆ. ಬಂಗಲೆಯಿಂದ ಬಂದದ್ದು ಪಕ್ಕದ ತೂತಿಗೆ. ಪ್ರತಿಯೊಂದೂ 'ಟಿಕ್' ಎಂದಾಗ ಏಕಾಂತಪ್ಪನವರು ಕಣ್ಣು ಮುಚ್ಚುತ್ತಿದ್ದರು. ಪರದೆಯಲ್ಲಿ ಒಂದು ಕಡೆ ಅಂಕಿಗಳನ್ನು ಬರೆಯಬೇಕೆಂದಾಗ ಮಾತ್ರ ಅವರಿಗೆ ತುಸು ಜೀವ ಬಂತು. ಅಂಕಿ ಅವರ ಕುಲಕಸುಬು. ನೂರ ತೊಂಬತ್ತೆರಡು, ಚುಕ್ಕೆ, ನೂರ ಅರವತ್ತೆಂಟು, ಚುಕ್ಕೆ, ಒಂದು, ಚುಕ್ಕೆ, ಒಂದು. ಆಮೇಲೆ ಹೆಸರು, ಆಮೇಲೆ ಗುಟ್ಟಿನ ಶಬ್ದ. ಗುಟ್ಟಿನ ಶಬ್ದವನ್ನು ನಂಜಮ್ಮ ಲೈನಿನ ಕೊನೇ ಮನೆಗೆ ಕೇಳುವಷ್ಟು ಗಟ್ಟಿಯಾಗಿ ಓದಿ ಹೇಳಿದರು.

ಮೂರನೆಯ ದೀಪ ಕಣ್ಣು ಹೊಡೆಯುವುದನ್ನು ನಿಲ್ಲಿಸಿತು. ಹಸಿರಾಗಿ, ಅಲುಗದೆ, ಏಕಾಂತಪ್ಪನವರನ್ನೇ ನೋಡತೊಡಗಿತು.

ಮಾರನೆಯ ದಿನ ಬಂಗಲೆಗೆ ಬಂದ ಸಾಹುಕಾರರು ಮಗುವಿನಂತೆ ಸಂತೋಷಪಟ್ಟರು. ಲಂಡನ್ನಿನ ಕಾಫಿ ರೇಟು, ಕೊಚ್ಚಿಯ ಮೆಣಸಿನ ರೇಟು ಎಲ್ಲ ಅವರ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಏಕಾಂತಪ್ಪನವರಾದರೋ ಆಫೀಸಿನಲ್ಲಿ ಕೂತು ಎರಡು ಭಯಗಳನ್ನು ಎರಡು ಕೈಯಲ್ಲಿ ತೂಗುತ್ತಿದ್ದರು. ಒಂದು, ಸಾಹುಕಾರರು ಲಂಡನ್ನಿನಿಂದ ತಿರುಗಿ ಕಲ್ಲುಸಂಕದ ಲೆಕ್ಕ ನೋಡಹೊರಟರೆ? ಇನ್ನೊಂದು, ಗುಡುಗು ಬಂದರೆ?

ಮೊದಲನೆಯದಕ್ಕೆ ಮಾಡುವುದೇನೂ ಇರಲಿಲ್ಲ. ಎರಡನೆಯದಕ್ಕೆ ಅವರು ಸೊಂಟ ಕಟ್ಟಿದರು. ಕುರ್ಚಿಯನ್ನು ರೌಟರಿನ ಪಕ್ಕಕ್ಕೆ ಎಳೆದುಕೊಂಡು, ಒಂದು ಕೈಯಲ್ಲಿ ಹಾಜರಿ ಬರೆಯುತ್ತ, ಇನ್ನೊಂದು ಕೈಯನ್ನು ವೈರಿನ ಮೇಲಿಟ್ಟುಕೊಂಡು ಆಕಾಶಕ್ಕೆ ಕಿವಿಗೊಟ್ಟರು. ಸಾಹುಕಾರರ ಜೀಪು ಹಳ್ಳದ ಮೇಲಿನ ಸಂಕ ದಾಟುತ್ತ ಗುಡುಗುಟ್ಟಿತು, ಕಿತ್ತರು. ಗೋಡೌನಿನಲ್ಲಿ ಖಾಲಿ ಡ್ರಮ್ಮು ಉರುಳಿತು, ಕಿತ್ತರು. ಮಂಗ ತಗಡಿನ ಮೇಲೆ ಹಾರಿತು, ಕಿತ್ತರು. ಟ್ರಂಕಿನಿಂದ ಇಡ್ಲಿಪಾತ್ರೆ ತೆಗೆಯಲೆಂದು ನಂಜಮ್ಮ ಮಂಚದ ಕೆಳಗೆ ಕೈಹಾಕಿ ಎಳೆದರು, ಆಗಲೂ ಕಿತ್ತರು. ಪ್ರತಿ ಸಲವೂ ಬಂಗಲೆಯ ಪರದೆಯಲ್ಲಿ ಲಂಡನ್ ಮಾಯವಾಗುತ್ತಿತ್ತು, ಅಂಗಳದಾಚೆಯಿಂದ "ಏಕಾಂತಪ್ನೋರೇ" ಎಂಬ ಕೂಗು ಬರುತ್ತಿತ್ತು. ಗುಡುಗಿಗಿಂತ ಆ ಕೂಗೇ ಹೆಚ್ಚು ಗುಡುಗಿನಂತಿತ್ತು.

ಬುಧವಾರ ಕೂಗು ಬರಲಿಲ್ಲ. ಸಾಹುಕಾರರೇ ಬಂದರು. ಬಂದವರು ಕೂರಲಿಲ್ಲ.

"ಏಕಾಂತಪ್ನೋರೆ, ಇವತ್ತು ನಿಮ್ಮ ಕಂಪ್ಯೂಟರ್ ತೆಗೆದು ನೋಡ್ದೆ. ಎಂತದೂ ಇಲ್ಲ ಅದ್ರಲ್ಲಿ."

ಏಕಾಂತಪ್ಪನವರು ಎದ್ದು ನಿಂತರು. "ಪುಸ್ತಕದಲ್ಲಿದೆ ಸಾವ್ಕಾರ್ರೆ."

"ದಿನಾ ಹಾಕ್ತಿದೀನಿ ಅಂತಿದ್ರಲ್ಲ ಮತ್ತೆ?"

"ಬಲ್ಬು ಹಾಕ್ತಿದ್ದೆ."

ರುದ್ರಪ್ಪನವರು ಬಲ್ಬನ್ನೂ, ಮಡಚಿಟ್ಟ ಕ್ರೋಶದ ಬಟ್ಟೆಯನ್ನೂ, ರೈಟರನ್ನೂ ನೋಡಿದರು. ಬೈದಿದ್ದರೆ ವಾಸಿಯಿತ್ತು. ಅವರು ತಣ್ಣಗೆ ಮಾತಾಡಿದರು.

"ನೋಡಿ, ನಾಳೆ ವ್ಯಾಪಾರಿ ಬರ್ತಾನೆ. ಪಾರ್ಚ್‌ಮೆಂಟ್ ಅಷ್ಟೂ ನಾಳೆ ಮಾತಾಗ್ಬೇಕು. ನಾನು ರೇಟು ನೋಡ್ತಾ ಕೂತಿರ್ತೀನಿ. ನಾಳೆ ಇನ್ನೊಂದ್ಸಲ ಸುಮ್ಸುಮ್ನೆ ಕಿತ್ರಿ ಅಂದ್ರೆ, ರೌಟರಲ್ಲ, ನಿಜವಾಗ್ಲೂ ಹೊಸ ರೈಟರ್ ಹಾಕಿಸ್ತೀನಿ."

ಸಂಜೆ ನಂಜಮ್ಮ ಏನೂ ಕೇಳದೆ ಇಡ್ಲಿಪಾತ್ರೆಯನ್ನು ತಿರುಗಿ ಟ್ರಂಕಿಗೆ ಹಾಕಿದರು.

ಗುರುವಾರ ಮಧ್ಯಾಹ್ನ ಕಣದಲ್ಲಿ ಮೆಣಸು ಒಣಗುತ್ತಿತ್ತು. ಕಣ್ಣು ಕುಕ್ಕುವ ಬಿಸಿಲು. ಬಂಗಲೆಯಲ್ಲಿ ವ್ಯಾಪಾರಿ, ಕಾಫಿ, ಲಂಡನ್ನು. ಏಕಾಂತಪ್ಪನವರು ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದರು. ಅವು ತಾವಾಗಿ ವೈರಿನ ಕಡೆ ಹೋಗಬಾರದಲ್ಲ.

ಆಗ ಕೇಳಿತು. ಬಹಳ ದೂರ, ಹೊಟ್ಟೆ ಗುರುಗುಟ್ಟಿದಷ್ಟು ಸಣ್ಣಗೆ.

ಏಕಾಂತಪ್ಪನವರು ಎದ್ದು ಹಿತ್ತಲ ಬಾಗಿಲಿಗೆ ಓಡಿದರು. "ನಂಜಾ, ಟ್ರಂಕು ಎಳೆದ್ಯಾ?"

"ಇಲ್ಲಪ್ಪ."

ಜೀಪು ಶೆಡ್ಡಿನಲ್ಲೇ ಇತ್ತು. ಗೋಡೌನಿಗೆ ಬೀಗ. ಗುರುವಯ್ಯ ಕಣದ ಅಂಚಿನಲ್ಲಿ ಮೆಣಸು ಕೆದರುತ್ತಿದ್ದ.

"ಗುರುವಯ್ಯ, ಗುಡುಗಿತಾ?"

ಗುರುವಯ್ಯ ಆಕಾಶ ನೋಡಿದ. ಒಂದು ಹತ್ತಿಯೆಳೆಯಷ್ಟೂ ಮೋಡ ಇರಲಿಲ್ಲ. "ಇಲ್ಲ ಮಾರಾಯ್ರೆ. ಇವತ್ತೊಂದಿನ ಸುಮ್ನೆ ಕೂತ್ಕಳಿ. ನಿಮ್ಮ ದಮ್ಮಯ್ಯ."

ಏಕಾಂತಪ್ಪನವರು ಒಳಗೆ ಬಂದು ರೌಟರಿನ ಎದುರು ನಿಂತರು. ಮೂರು ಹಸಿರು ದೀಪ. ಒಂದು ಕಡೆ ಸಾಹುಕಾರರು, ಅವರ ಹಿಂದೆ ತರೀಕೆರೆಯ ಜಗಲಿ, ಜಗಲಿಯಲ್ಲಿ ಅಳಿಯ. ಇನ್ನೊಂದು ಕಡೆ ಇತ್ತೋ ಇಲ್ಲವೋ ಗೊತ್ತಿಲ್ಲದ ಒಂದು ಸದ್ದು. ಯಾವ ಲೆಕ್ಕದಲ್ಲಿ ನೋಡಿದರೂ ಸಾಹುಕಾರರ ಕಡೆಯ ಭಯವೇ ತೂಕದ್ದು. ಆದರೆ ಭಯಕ್ಕೆ ತಕ್ಕಡಿ ಗೊತ್ತಿಲ್ಲ. ಇಡೀ ಜನ್ಮ ಸಾಕಿದ ಆ ಹೆದರಿಕೆ, ಇನ್ನಾರ ಮಾತನ್ನೂ ಕೇಳದೆ, ಅವರ ಎರಡೂ ಕೈಗಳನ್ನು ಮೇಲೆತ್ತಿತು. ಫೋನಿನ ವೈರು ಕಿತ್ತರು. ಕರೆಂಟಿನ ವೈರು ಕಿತ್ತರು. ಸಾಯುವವನಿಗೆ ಲೆಕ್ಕ ಯಾಕೆಂದು ನೀಲಿ ಕೇಬಲುಗಳನ್ನೂ ಕಿತ್ತರು. ರೌಟರನ್ನು ಕ್ರೋಶದ ಬಟ್ಟೆಯಲ್ಲಿ ಸುತ್ತಿ, ಎದೆಗವಚಿಕೊಂಡು, ಮೇಜಿನ ಕೆಳಗೆ ತೂರಿದರು.

"ಏಕಾಂತಪ್ನೋರೇ!"

ಬಂಗಲೆಯ ಬಾಗಿಲು ಗೋಡೆಗೆ ಬಡಿಯಿತು. ಸಾಹುಕಾರರ ಚಪ್ಪಲಿಯ ಸದ್ದು ಅಂಗಳಕ್ಕಿಳಿಯಿತು. ಮೇಜಿನ ಕೆಳಗೆ ಏಕಾಂತಪ್ಪನವರು ಕಣ್ಣು ಮುಚ್ಚಿ ತರೀಕೆರೆಯ ಬಸ್ಸು ಹತ್ತಿದರು. ಹೆಜ್ಜೆಗಳು ಅಂಗಳದ ನಡುವಿಗೆ ಬಂದಿದ್ದವು.

ಆಫೀಸು ಒಳಗಿನಿಂದ ಬೆಳ್ಳಗಾಯಿತು. ಅದರ ಬೆನ್ನಿಗೇ, ಗುಡ್ಡ ಸೀಳಿದಂತೆ ಒಂದು ಸದ್ದು. ಬಂಗಲೆಯ ಪಕ್ಕದ ಸಿಲ್ವರ್ ಓಕ್ ಮರ ತುದಿಯಿಂದ ಬುಡದವರೆಗೆ ಬಿರಿಯಿತು. ಬೆಟ್ಟದ ಹಿಂದೆ ಅವಿತಿದ್ದ ಮೋಡ, ಮುನ್ಸೂಚನೆ ಕೊಡುವ ಶಿಷ್ಟಾಚಾರ ಮರೆತು, ಮೊದಲು ಹೊಡೆದು ಆಮೇಲೆ ಮುಖ ತೋರಿಸಿತ್ತು. ಗುರುವಯ್ಯ ಮೆಣಸಿನ ಗುಡ್ಡೆಯಲ್ಲಿ ಮೂಗು ಹೂತು ಮಲಗಿದ.

ಮೇಜಿನ ಕೆಳಗೆ ಏಕಾಂತಪ್ಪನವರ ಪಕ್ಕಕ್ಕೆ ಏನೋ ಧೊಪ್ಪೆಂದು ಬಂದು ಬಿತ್ತು. ಕಣ್ಣು ತೆರೆದರೆ ಸಾಹುಕಾರ್ ರುದ್ರಪ್ಪನವರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಹೊರಗೆ ಮಳೆ ಶುರುವಾಯಿತು. ಇನ್ನೊಂದು ಗುಡುಗಿಗೆ ಸಾಹುಕಾರರ ಕೈ ರೈಟರ ತೋಳನ್ನು ಹಿಡಿದುಕೊಂಡಿತು.

"ಅದೆಲ್ಲಿ?" ಎಂದರು ಕೊನೆಗೆ, ಪಿಸುದನಿಯಲ್ಲಿ.

ಏಕಾಂತಪ್ಪನವರು ಕ್ರೋಶದ ಗಂಟನ್ನು ಬಿಚ್ಚಿ ತೋರಿಸಿದರು.

"ಸಾವ್ಕಾರ್ರೆ, ನಾನು ಸುಮ್ಸುಮ್ನೆ ಕೀಳ್ಳಿಲ್ಲ. ಅಂದ್ರೆ... ಗೊತ್ತಿದ್ದು ಕಿತ್ತಿದ್ದೂ ಅಲ್ಲ. ಹೆದ್ರಿಕೆ ಆಯ್ತು."

"ಹೆದ್ರಿ" ಎಂದರು ರುದ್ರಪ್ಪನವರು, ತೋಳು ಬಿಡದೆ. "ಹಿಂಗೇ ಹೆದರ್ತಾ ಇರಿ ಮಾರಾಯ್ರೆ. ಇಲ್ಲೊಬ್ಬ ಹೆದ್ರೋ ಮನುಷ್ಯ ಬೇಕು."

ಮಳೆ ಹೊಳವಾದ ಮೇಲೆ ನೋಡಿದರೆ ಬಂಗಲೆಯ ಟಿ.ವಿ. ಸುಟ್ಟಿತ್ತು, ಆಫೀಸಿನ ಫೋನು ಕರಕಲಾಗಿತ್ತು. ಕಂಪ್ಯೂಟರುಗಳು ಎರಡೂ ಕೆಲಸ ಮಾಡುತ್ತಿದ್ದವು. ತಂತಿ ಸರಿಮಾಡಲು ಬಂದ ಜಯಪ್ರಕಾಶ್, ಆ ಸುತ್ತಿನಲ್ಲಿ ತಾನು ಹಾಕಿದ ರೌಟರುಗಳಲ್ಲಿ ಬದುಕಿದ್ದು ಇದೊಂದೇ ಎಂದ. ಲೆಕ್ಕದ ವಿಷಯ ಬಂದಾಗ ಸಾಹುಕಾರರು, "ಪುಸ್ತಕದಲ್ಲೇ ಇರ್ಲಿ ಬಿಡಿ, ಪುಸ್ತಕಕ್ಕೆ ಸಿಡಿಲು ಹೊಡೆಯಲ್ಲ" ಎಂದು ತಾವೇ ತೀರ್ಪು ಕೊಟ್ಟರು. ಗುರುವಯ್ಯ ಮಾತ್ರ ಅಂದಿನಿಂದ ಆ ಡಬ್ಬಿಯನ್ನು 'ಹೊಸ ರೈಟ್ರು' ಎಂದೇ ಕರೆದ. ಬೆಳಿಗ್ಗೆ ಹಾಜರಿಗೆ ಬಂದವನು, "ಹೊಸ ರೈಟ್ರು ಎದ್ದಿದಾರಾ, ಹಳೇ ರೈಟ್ರು ಇನ್ನೂ ಬಟ್ಟೆಲಿ ಸುತ್ತಿಟ್ಟಿದಾರಾ?" ಎಂದು ವಿಚಾರಿಸುವನು.

ತಂತಿ ಸರಿಯಾದ ದಿನ ಸಂಜೆ ನಂಜಮ್ಮ ಟ್ರಂಕು ತೆರೆದರು. ಕುಂಕುಮದ ಭರಣಿ ಗೂಡಿಗೆ ಹೋಯಿತು, ಇಡ್ಲಿಪಾತ್ರೆ ಒಲೆಯ ಮೇಲಕ್ಕೆ ಹೋಯಿತು. ತಳದ ಕಂಬಳಿಗೆ ಕೈಹಾಕಿದಾಗ ಏಕಾಂತಪ್ಪನವರು ಬಾಗಿಲಿನಿಂದ ಹೇಳಿದರು.

"ಅದೊಂದು ಅಲ್ಲೇ ಇರ್ಲಿ."

"ಯಾಕೆ? ಇನ್ನೆಲ್ಲಿಗೆ ಹೋಗ್ಬೇಕು? ಸಾವ್ಕಾರ್ರೇ ಇರಿ ಅಂದಿದಾರಲ್ಲ."

"ಅಂದಿದಾರೆ. ಆದ್ರೂ ಇರ್ಲಿ."

ನಂಜಮ್ಮ ಗಂಡನ ಮುಖ ನೋಡಿದರು. ಕಂಬಳಿಯನ್ನು ಅಲ್ಲೇ ಬಿಟ್ಟು, ಮುಚ್ಚಳ ಹಾಕಿ, ಟ್ರಂಕನ್ನು ಮಂಚದ ಕೆಳಕ್ಕೆ ತಳ್ಳಿದರು. ಗುಡುಗುಡು ಎಂದಿತು. ಏಕಾಂತಪ್ಪನವರು ಆಗಲೇ ಆಫೀಸಿನ ಕಡೆ ಓಡುತ್ತಿದ್ದರು.